ಸರಿ ಅಂದವರೇ ಕೂರಬೇಕು

ಫೆಬ್ರವರಿ ೩, ಸೋಮವಾರ

ಅಳಿಯ ಬೆಳಿಗ್ಗೆ ಹೋಗಿ ಬೆಳಿಗ್ಗೆಯೇ ಬಂದ. ಮೈತುಂಬ ಮಸಿ, ಪಕ್ಕೆಯಲ್ಲೊಂದು ಗೀರು, ಮಿಕ್ಕಂತೆ ಕ್ಷೇಮ.

ಕಂಪನಿಯ ಕಾಗದಗಳಲ್ಲಿ ಈ ರಾಕೆಟ್ಟಿಗೆ ಉದ್ದನೆಯ, ಗಂಭೀರವಾದ ಹೆಸರೊಂದಿದೆ. ಅದನ್ನು ಪೂರ್ತಿ ಹೇಳುವವರು ಯಜಮಾನರೊಬ್ಬರೇ, ಅದೂ ಎದುರಿಗೆ ಕ್ಯಾಮೆರಾ ಇದ್ದರೆ. ಶೆಡ್ಡಿನಲ್ಲಿ ನಮಗೆಲ್ಲ ಅವನು ಅಳಿಯ. ಎಷ್ಟು ಸಲ ಕಳಿಸಿಕೊಟ್ಟರೂ ತಿರುಗಿ ಬರುತ್ತಾನೆ, ಬಂದಾಗಲೆಲ್ಲ ಉಪಚಾರ ಬಯಸುತ್ತಾನೆ ಎನ್ನುವುದು ಎಲ್ಲರೂ ಕೊಡುವ ಕಾರಣ. ನನ್ನ ಕಾರಣ ಬೇರೆ. ಬೇರೆ ರಾಕೆಟ್ಟುಗಳು ಒಮ್ಮೆ ಹಾರಿ ಅಳಿಯುತ್ತವೆ, ಇವನು ಅಳಿಯ. ಕಾಲೇಜಿನಲ್ಲಿ ವ್ಯಾಕರಣ ಓದಿದ್ದಕ್ಕೆ ಈವರೆಗೆ ಸಿಕ್ಕ ಪ್ರತಿಫಲ ಇದೊಂದೇ.

ಐದು ಮಹಡಿಯಷ್ಟು ಎತ್ತರ. ತಲೆಯಲ್ಲಿ ಆರು ಕುರ್ಚಿ, ಆರು ಕಿಟಕಿ. ಆಕಾಶ ಕಪ್ಪಾಗುವ ಜಾಗದವರೆಗೆ ಹೋಗಿ, ಕೂತವರನ್ನು ಸ್ವಲ್ಪ ಹೊತ್ತು ತೂಕವಿಲ್ಲದೆ ತೇಲಿಸಿ, ನೆಟ್ಟಗೆ ನಾಲ್ಕು ಕಾಲ ಮೇಲೆ ಬಂದು ಇಳಿಯುವುದು ಇವನ ಉದ್ಯೋಗ. ಸದ್ಯಕ್ಕೆ ಕುರ್ಚಿಯಲ್ಲಿ ಮರಳಿನ ಚೀಲಗಳು ಕೂತು ಹೋಗಿಬರುತ್ತಿವೆ. ಮುಂದೆ ಪ್ರವಾಸಿಗರು.

ಬಂದವನನ್ನು ಮುಟ್ಟಿ, ತಟ್ಟಿ, ಮೂಸಿ ನೋಡಿ, ಮತ್ತೆ ಕಳಿಸಬಹುದೋ ಬೇಡವೋ ಹೇಳುವುದು ನನ್ನ ಉದ್ಯೋಗ. ಶೆಡ್ಡಿನ ಬಾಗಿಲ ಪಕ್ಕ ಸಾಲಾಗಿ ಮೊಳೆ ಹೊಡೆದು ಒಂದೊಂದಕ್ಕೂ ಒಂದು ಬಿಲ್ಲೆ ತೂಗುಹಾಕಿದ್ದೇವೆ. ಒಂದು ಮಗ್ಗುಲು ಕೆಂಪು, ಇನ್ನೊಂದು ಹಸಿರು. ಎಂಜಿನ್ನಿನವರು, ಕೊಳವೆಯವರು, ಕುರ್ಚಿಯವರು ತಂತಮ್ಮ ಬಿಲ್ಲೆಯನ್ನು ಹಸಿರಿಗೆ ತಿರುಗಿಸಿದ ಮೇಲೆ ಕೊನೆಯದು ನನ್ನದು. ಅದು ಹಸಿರಾಗದೆ ಅಳಿಯ ಹೊಸ್ತಿಲು ದಾಟುವಂತಿಲ್ಲ. ಇವತ್ತು ಆಗಲಿಲ್ಲ. ಗೀರಿನ ದೆಸೆಯಿಂದ.

ಕೊಳಾಯಿ ಬಂದು ನಿಂತ. ಇಂಧನದ ಕೊಳವೆಗಳಿಗೆಲ್ಲ ಇವನೇ ಮುಖ್ಯಸ್ಥ. ನಾನು ನೋಡಿದ್ದನ್ನು ಇನ್ನೊಂದು ಸಲ ನೋಡುವ ಕೆಲಸವೂ ಇವನ ಪಾಲಿಗೇ ಬಿದ್ದಿದೆ.

"ಅಕ್ಕಾ, ಗೀರು ಅಂದ್ರೆ ಗೀರು ಅಷ್ಟೇ. ನನ್ನ ಸ್ಕೂಟರಿಗೆ ಇದಕ್ಕಿಂತ ದೊಡ್ಡದಿದೆ."

"ನಿನ್ನ ಸ್ಕೂಟರು ಆಕಾಶದಿಂದ ಹಿಂದುಮುಂದಾಗಿ ಇಳಿಯುತ್ತಾ?"

"ನಾನು ಓಡಿಸೋದು ನೋಡಿ ನಮ್ಮನೇಲಿ ಹಾಗೇ ಅಂತಾರೆ."

ನಕ್ಕೆ. ಆದರೂ ಬೇಡ ಎಂದೆ. ಗೊಣಗುತ್ತಲೇ ಏಣಿ ಹತ್ತಿ, ಗೀರನ್ನು ಉಗುರಿನಲ್ಲಿ ಕೆರೆದು ನೋಡಿ, "ಆಯ್ತು, ಬೇಡ" ಎಂದು ಇಳಿದ. ಎದುರಿಗೆ ನನ್ನನ್ನು ಅಕ್ಕ ಅನ್ನುತ್ತಾರೆ, ಬೆನ್ನ ಹಿಂದೆ ಬೇಡಕ್ಕ. ಗೊತ್ತಿಲ್ಲ ಅಂದುಕೊಂಡಿದ್ದಾರೆ.

ಫೆಬ್ರವರಿ ೭, ಶುಕ್ರವಾರ

ಇವತ್ತಿನದು ಸಾವಕಾಶವಾಗಿ ಬರೆಯಬೇಕು.

ಸಭೆ. ಯಜಮಾನರು ಹಾಸಿಗೆ ಮಾರಿ ಮೇಲೆ ಬಂದವರು. ಈಗ ಜನರನ್ನು ಹಾಸಿಗೆಯೇ ಬೇಕಿಲ್ಲದ ಜಾಗಕ್ಕೆ ಕಳಿಸಲು ಹೊರಟಿದ್ದಾರೆ. ವ್ಯಾಪಾರದಲ್ಲಿ ಇಂಥ ತ್ಯಾಗ ಅಪರೂಪ.

"ಟಿಕೆಟ್ ಕೇಳೋಕೆ ಬಂದೋರೆಲ್ಲ ಒಂದೇ ಮಾತು ಕೇಳ್ತಾರೆ," ಎಂದರು. "ನೀವು ಕೂತಿದ್ದೀರಾ ಅಂತ. ನಾವೇನೋ ಹಾರಿಕೆ ಉತ್ತರ ಕೊಡ್ತೀವಿ."

ರಾಕೆಟ್ ಕಂಪನಿಯವರು ಇನ್ನೆಂಥ ಉತ್ತರ ಕೊಟ್ಟಾರು ಎಂದು ನಾಲಿಗೆಯ ತುದಿಗೆ ಬಂತು, ನುಂಗಿಕೊಂಡೆ. ಬರೆದುಕೊಳ್ಳಲು ಅಡ್ಡಿಯಿಲ್ಲ.

"ಅದಕ್ಕೇ ಒಂದು ನಿಯಮ ಮಾಡಿದ್ದೀನಿ. ಕೊನೇ ಬಿಲ್ಲೆ ಯಾರು ತಿರುಗಿಸ್ತಾರೋ ಅವರೇ ಮೊದಲು ಕೂರ್ಬೇಕು. ಸರಿ ಅಂದವರೇ ಕೂರ್ಬೇಕು! ಆಗ ಯಾರೂ ಸುಮ್‌ಸುಮ್ನೆ ಸರಿ ಅನ್ನಲ್ಲ."

ಎಲ್ಲರೂ ನನ್ನತ್ತ ತಿರುಗಿದರು. ಆಮೇಲೆ ಚಪ್ಪಾಳೆ. ನಾನೂ ತಟ್ಟಿದೆನೆಂದು ಕಾಣುತ್ತದೆ.

ಇದಕ್ಕಿಂತ ಬುದ್ಧಿವಂತಿಕೆಯ ನಿಯಮ ಇನ್ನೊಂದಿರಲಾರದು. ಇನ್ನೆರಡು ಸಲ ಮರಳಿನ ಚೀಲ, ಏಪ್ರಿಲ್ ನಡುವಿನಲ್ಲಿ ನಾನು. ಇಷ್ಟು ವರ್ಷ ಮೇಲಿನಿಂದ ಬಂದವನ ಮಸಿ ಒರೆಸಿದ್ದೇನೆ. ಮೇಲೇನಿತ್ತು ಎಂದು ಅವನು ಒಂದು ದಿನಕ್ಕೂ ಬಾಯಿಬಿಟ್ಟಿಲ್ಲ. ಎಲ್ಲರಿಗೂ ಮೇಲಧಿಕಾರಿಗಳಿರುತ್ತಾರೆ, ನಾನು ಮೇಲೆ ಹೋಗುವ ಅಧಿಕಾರಿ. ಬಸ್ಸಿನಲ್ಲಿ ಬರುವಾಗ ಎರಡು ನಿಲ್ದಾಣ ಮುಂದೆ ಹೋಗಿಬಿಟ್ಟಿದ್ದೆ. ನಡೆದುಕೊಂಡು ವಾಪಸು ಬಂದೆ. ಕಾಲು ನೋಯಲಿಲ್ಲ.

ಫೆಬ್ರವರಿ ೮, ಶನಿವಾರ

ಮನೆಯಲ್ಲಿ ಹೇಳಿದೆ. ನನ್ನವರು ದಂತವೈದ್ಯರು. ಆಘಾತದ ಸುದ್ದಿ ಕೇಳಿದಾಗ ಮೊದಲು ಹೊತ್ತಿನ ಲೆಕ್ಕ ಕೇಳುವುದು ಅವರ ಅಭ್ಯಾಸ.

"ಹೋಗಿ ಬರೋಕೆ ಎಷ್ಟು ಹೊತ್ತು?"

"ನೀವೊಂದು ಹಲ್ಲು ಕೀಳೋಷ್ಟು ಹೊತ್ತು ಕಣ್ರೀ."

"ಸಲೀಸಾಗಿ ಬರೋ ಹಲ್ಲೋ, ಬೇರು ಬಿಟ್ಟಿರೋ ಹಲ್ಲೋ?"

"ಸಲೀಸು."

"ಸಲೀಸು ಅಂತ ಹೇಳೋದು ಡಾಕ್ಟರ ಕೆಲಸ, ಹಲ್ಲಿನದ್ದಲ್ಲ," ಎಂದು ಎದ್ದುಹೋಗಿ ಕಿಟಕಿ ಹಾಕಿದರು. ಗಾಳಿಯೇನೂ ಇರಲಿಲ್ಲ.

ಮಗಳು ಕಾನೂನು ಓದುತ್ತಿದ್ದಾಳೆ. ಮನೆಯಲ್ಲಿ ಉಪ್ಪು ಜಾಸ್ತಿಯಾದರೂ ಸಾಕ್ಷಿ ಕರೆಸುತ್ತಾಳೆ. "ಅಮ್ಮಾ, ಅಂದ್ರೆ ಪರೀಕ್ಷೆ ಬರೆಯೋಳೂ ನೀನೇ, ಮಾರ್ಕ್ಸ್ ಹಾಕೋಳೂ ನೀನೇ?"

"ಫೇಲಾದ್ರೆ ಸಾಯೋಳೂ ನಾನೇ. ಅದಕ್ಕೇ ಕಾಪಿ ಹೊಡೆಯಲ್ಲ."

ಒಳ್ಳೆಯ ಉತ್ತರ. ಅವಳು ಸೋತವಳಂತೆ ಪುಸ್ತಕ ತೆರೆದಳು, ಅದು ಇನ್ನೂ ಒಳ್ಳೆಯದು.

ಫೆಬ್ರವರಿ ೧೯, ಬುಧವಾರ

ಕುರ್ಚಿಯ ಅಚ್ಚು ತೆಗೆದರು. ಬೆನ್ನಿನ ಹಿಂದೆ ಬೆಚ್ಚಗಿನ ನೊರೆ ಸುರಿದು, ಅದು ಗಟ್ಟಿಯಾಗುವವರೆಗೂ ಅಲುಗದೆ ಕೂರಬೇಕು. ಈ ವಿಭಾಗದವನನ್ನು ಕುರ್ಚಿರಾಯ ಎನ್ನುತ್ತೇವೆ. ಆಸಾಮಿ ಮೌನವಾಗಿದ್ದದ್ದನ್ನು ಕಂಡವರಿಲ್ಲ.

"ಅಕ್ಕಾ, ಉಸಿರು ಬಿಗಿಹಿಡೀಬೇಡಿ. ಹೊಟ್ಟೆ ಒಳಗೆಳ್ಕೊಂಡ್ರೆ ಸೀಟು ಚಿಕ್ಕದಾಗುತ್ತೆ, ಆಮೇಲೆ ಮೇಲೆ ಹೋಗಿ ನನ್ನ ಬೈತೀರ."

"ಸಣ್ಣಗಾಗೋಕೆ ಇದೊಂದು ದಾರಿ ಬಾಕಿ ಇತ್ತು. ಅದನ್ನೂ ತಪ್ಪಿಸಿದೆಯಲ್ಲೋ."

"ಮೇಲೆ ಹೋದ್ರೆ ತೂಕ ಸೊನ್ನೆ ಅಕ್ಕ. ಯಾವ ಜಿಮ್ಮೂ ಕೊಡಲ್ಲ ಇಷ್ಟು ರಿಸಲ್ಟು."

ಕುರ್ಚಿಯ ಆಸೆ ಕೆಟ್ಟದ್ದೆಂದು ಎಲ್ಲರೂ ಹೇಳುತ್ತಾರೆ. ಮೈಯ ಅಳತೆಗೇ ಮಾಡಿಸಿದ ಕುರ್ಚಿಯಲ್ಲಿ ಅವರು ಕೂತಿಲ್ಲ. ಎಡಗಡೆ ಕಿಟಕಿ. ಶೆಡ್ಡಿನ ತಗಡು ಕಂಡಿತು. ಮೇಲೆ ಹೋದಾಗ ಅಲ್ಲಿ ತಗಡಿರುವುದಿಲ್ಲ.

ಮಾರ್ಚ್ ೪, ಮಂಗಳವಾರ

ಹಾರಾಟ. ಬಯಲಿನ ಅಂಚಿನ ಕಾಂಕ್ರೀಟು ಗೋಡೆಯ ಹಿಂದೆ ನಿಂತಿದ್ದೆವು. ಏಳುವಾಗ ಎದೆಯೊಳಗೆ ಯಾರೋ ಡ್ರಮ್ಮು ಉರುಳಿಸಿದಂತೆ, ಆಮೇಲೆ ಬಹಳ ಹೊತ್ತು ಬರಿಯ ಧೂಳು. ಕೊನೆಗೆ ಚುಕ್ಕಿ, ಚುಕ್ಕಿಯ ಬುಡದಲ್ಲಿ ಬೆಂಕಿ. ನೆಲ ಮುಟ್ಟುವ ತುಸು ಮೊದಲು ಮೈಗೆ ಮಡಚಿಕೊಂಡಿದ್ದ ನಾಲ್ಕು ಕಾಲು ಬಿಚ್ಚಿಕೊಂಡು ಬೀಗ ಬಿದ್ದು ಬಿಗಿಯಾಗುತ್ತವೆ. ಬಿಗಿಯಾಗದ ಕಾಲಿನ ಮೇಲೆ ಭಾರ ಬಿದ್ದರೆ ಮಡಚುತ್ತದೆ. ಮಡಚಿದರೆ ಐದು ಮಹಡಿ ಪಕ್ಕಕ್ಕೆ ಮಲಗುತ್ತದೆ, ಹೊಟ್ಟೆಯಲ್ಲಿ ಉಳಿದ ಇಂಧನದ ಸಮೇತ. ಆದ್ದರಿಂದಲೇ ಹೋದ ವರ್ಷ ನಾನು ಶೆಡ್ಡಿನ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿದ್ದು: ನಾಲ್ಕು ಕಾಲು, ಒಂದೇ ಸದ್ದು.

ಇವತ್ತು ಟಕ್ ಎಂದಿತು, ಅದಕ್ಕೆ ಅಂಟಿಕೊಂಡಂತೆ ಇನ್ನೊಂದು ಟಕ್.

ಮೂರನೇ ಕಾಲು ಎಂದು ಸದ್ದು ದಾಖಲಿಸುವ ಯಂತ್ರ ತೋರಿಸಿತು. ರೆಪ್ಪೆ ಬಡಿದಷ್ಟು ತಡ. ಇಳಿದದ್ದೇನೋ ನೆಟ್ಟಗೆ. ಆ ಕಾಲನ್ನು ಬಿಚ್ಚಿ ನೋಡುವುದೆಂದರೆ ಸೊಂಟದಿಂದ ಕಳಚಬೇಕು, ಹೊಸ ಬೀಗ ದೂರದಿಂದ ಬರಬೇಕು, ಏಪ್ರಿಲ್ ಜೂನಾಗುತ್ತದೆ. ಹೊರಗಿನಿಂದ ಬೆಳಕು ಬಿಟ್ಟು ನೋಡಿದೆ. ಏನೂ ಕಾಣಲಿಲ್ಲ. ಒಡಹುಟ್ಟಿದ ನಾಲ್ವರಲ್ಲಿ ಒಬ್ಬ ಸೋಮಾರಿ ಇದ್ದೇ ಇರುತ್ತಾನೆ. ಇನ್ನೊಂದು ಹಾರಾಟ ನೋಡೋಣ.

ಮಾರ್ಚ್ ೬, ಗುರುವಾರ

ಬಿಲ್ಲೆ ತಿರುಗಿಸಿದೆ, ಹಸಿರು. ನನಗಿಂತ ಮೊದಲು ಕೊಳಾಯಿ ಬಾಗಿಲಲ್ಲೇ ನಿಂತು ತನ್ನದನ್ನು ತಿರುಗಿಸಿದ್ದ.

"ಏಣಿ ಹತ್ತಲ್ವೇನೋ?"

"ನೀವೇ ಕೂರ್ತೀರಲ್ಲ ಅಕ್ಕಾ. ನೀವು ನೋಡಿದ ಮೇಲೆ ನಾನು ನೋಡೋದೇನಿದೆ?"

ಗೌರವದ ಮಾತು. ಇಂಥ ಮಾತು ಅವನ ಬಾಯಿಂದ ಇದೇ ಮೊದಲು. ಟೀ ಯಂತ್ರದಿಂದ ಅವನಿಗೂ ಒಂದು ಲೋಟ ಹಿಡಿದುಕೊಟ್ಟೆ.

ಮಾರ್ಚ್ ೧೮, ಮಂಗಳವಾರ

ಎರಡನೇ ಹಾರಾಟವೂ ಆಯಿತು. ಟಕ್. ಟಕ್.

ನಡುವೆ ಸಂದಿತ್ತು. ಈ ಸಲ ಯಂತ್ರ ಬೇಕಾಗಲಿಲ್ಲ, ಗೋಡೆಯ ಹಿಂದೆ ನಿಂತವರಿಗೆಲ್ಲ ಕೇಳಿಸಿತು. "ಅಳಿಯ ಕುಂಟ್ತಾನೆ," ಎಂದ ಕುರ್ಚಿರಾಯ.

ಕೂತು ಯೋಚಿಸಿದೆ. ಗೋಡೆಯ ಮೇಲೆ ಬರೆಸಿರುವುದು 'ಒಂದೇ ಸದ್ದು' ಎಂದು. ಒಂದೇ ಎಂದರೆ ಏನು? ಒಂದೇ ಮನೆಯವರು ಎಂದರೆ ಮನೆಯಲ್ಲಿ ಒಬ್ಬರೇ ಇದ್ದಾರೆ ಎಂದಲ್ಲ. ಒಂದೇ ಬಣ್ಣದ ನಾಲ್ಕು ಬಟ್ಟಲು ಎಂದರೆ ಬಟ್ಟಲು ನಾಲ್ಕು. ಹಾಗೆ, ಒಂದೇ ಸದ್ದು ಎಂದರೆ ಒಂದೇ ಬಗೆಯ ಸದ್ದು. ಎರಡು ಟಕ್ಕುಗಳೂ ಒಂದೇ ಬಗೆಯವು: ಗಟ್ಟಿ, ಸ್ಪಷ್ಟ, ಲೋಹದ್ದು. ಮೊದಲನೆಯದು ಟಕ್ ಎಂದು ಎರಡನೆಯದು ಠುಸ್ ಎಂದಿದ್ದರೆ ಆಗ ಯೋಚಿಸಬೇಕಿತ್ತು. ಬರೆಸಿದವಳೇ ನಾನು, ಅರ್ಥ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಲ್ಲದೆ ಕಾಲ ಕಾಲಕ್ಕೆ ಕಾಲಿಗೂ ವಯಸ್ಸಾಗುತ್ತದೆ. ನನ್ನ ಎಡ ಮೊಣಕಾಲು ಮೆಟ್ಟಿಲಿಳಿಯುವಾಗ ಲಟಕ್ ಎನ್ನುತ್ತದೆ, ಹಾಗಂತ ನಾನು ಬಿದ್ದಿಲ್ಲ.

ಎಲ್ಲರಿಗೂ ಹೀಗೇ ವಿವರಿಸಿದೆ. ಜೋರಾಗಿ ನಕ್ಕರು. ಯಜಮಾನರು, "ಕೂರೋರು ನೀವು. ನಿಮಗಿಂತ ಜಾಸ್ತಿ ಭಯ ಯಾರಿಗಿರುತ್ತೆ? ನೀವು ಸರಿ ಅಂದ್ರೆ ಸರಿ," ಎಂದರು.

ಭಯವೇ? ಹುಡುಕಿ ನೋಡಿದೆ. ಒಂಚೂರೂ ಇಲ್ಲ. ಬಿಲ್ಲೆ ಹಸಿರು.

ಮಾರ್ಚ್ ೨೩, ಭಾನುವಾರ

ಮನೆಗೆ ಮೀನಿನ ತೊಟ್ಟಿ ಬಂದಿದೆ. ನಡುಮನೆಯ ಅರ್ಧ ಭಾಗ ಈಗ ನೀರು. ಮದುವೆಯಾದಾಗಿನಿಂದ ಅವರು ಕೇಳುತ್ತಿದ್ದರು, ನಾನು ಬೇಡ ಅನ್ನುತ್ತಿದ್ದೆ. ಹೋದ ವಾರ ಕೇಳಿದಾಗ ಆಯ್ತು ಅಂದೆನಂತೆ. ಅಂದಿರಬೇಕು.

ಮಗಳಿಗೆ ಬೈಕು ಬೇಕಂತೆ. ಅವಳು ಅಡುಗೆಮನೆಯಲ್ಲಿ ಅಪ್ಪನಿಗೆ ಹೇಳುತ್ತಿದ್ದದ್ದು ಕೇಳಿಸಿತು.

"ಈಗ್ಲೇ ಕೇಳ್ಬಿಡ್ಲಾ ಅಪ್ಪಾ? ಅಮ್ಮ ಈಗ ಎಲ್ಲದಕ್ಕೂ ಸರಿ ಅಂತಿದ್ದಾಳೆ."

"ಕೇಳು. ಆದ್ರೆ ನನಗ್ಯಾಕೋ ಇದು ಸರಿ ಕಾಣ್ತಿಲ್ಲ. ಮೊನ್ನೆ ಹಾಲು ಉಕ್ಕಿದ್ದಕ್ಕೂ 'ಇರ್ಲಿ ಬಿಡಿ' ಅಂದ್ಲು."

ಒಳ್ಳೆಯವಳಾದರೂ ಕಷ್ಟ. ಬೈಕಿಗೂ ನೋಡೋಣ ಎಂದಿದ್ದೇನೆ. ಮೀನುಗಳು ಚೆನ್ನಾಗಿವೆ. ತೂಕವೇ ಇಲ್ಲದಂತೆ ತೇಲುತ್ತವೆ, ಊಟ ಬಿಟ್ಟು ನೋಡುತ್ತ ಕೂತಿದ್ದೆ.

ಏಪ್ರಿಲ್ ೨, ಬುಧವಾರ

ಏನಾಯಿತೋ ಆದ ಕ್ರಮದಲ್ಲೇ ಬರೆಯುತ್ತೇನೆ.

ಕನ್ನಡಕ ಮರೆತು ಹೋಗಿದ್ದೆ. ಮಗಳು ತಂದುಕೊಡಲು ಶೆಡ್ಡಿಗೆ ಬಂದಳು. ಅದೇ ಹೊತ್ತಿಗೆ ಯಜಮಾನರೂ ಅಲ್ಲಿದ್ದರು. ಅವಳನ್ನು ಏಣಿ ಹತ್ತಿಸಿ ಒಳಗಿನ ಕುರ್ಚಿ, ಕಿಟಕಿ ಎಲ್ಲ ತಾವೇ ತೋರಿಸಿದರು. ಕೆಳಗಿಳಿದವರು ಚಿಟಿಕೆ ಹೊಡೆದರು.

"ಅಮ್ಮನ ಪಕ್ಕದ ಸೀಟು ಹೇಗೂ ಖಾಲಿ. ಮರಳಿನ ಚೀಲದ ಬದಲು ಮಗಳೇ ಕೂತ್ರೆ? ತಾಯಿ ಮಗಳು ಕೈ ಕೈ ಹಿಡ್ಕೊಂಡು ತೇಲೋ ಫೋಟೊ! ಏನಮ್ಮಾ, ಬರ್ತೀಯಾ?"

"ನಾನು ರೆಡಿ!" ಎಂದಳು. ಕುಣಿದೇಬಿಟ್ಟಳು.

"ಬೇಡ," ಎಂದೆ.

"ಯಾಕಮ್ಮಾ?"

"ಮೂರನೇ ಕಾಲು ತಡ ಮಾಡ್ತಿದೆ."

ನಾನೇ ಹೇಳಿದ್ದು. ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂದದ್ದು. ಶೆಡ್ಡಿನಲ್ಲಿ ಯಾರೋ ಬೋಲ್ಟು ಬಿಗಿಸುತ್ತಿದ್ದರು, ಅದೂ ನಿಂತಿತು.

ಮಗಳು ಗೋಡೆಯ ಕಡೆ ನೋಡಿದಳು. "ಬಿಲ್ಲೆ ಹಸಿರಿದೆಯಲ್ಲ? ಅದು ನಿಂದೇ ತಾನೆ?"

"ನಂದೇ. ಅದು… ಅದು ನನಗೆ."

"ನಿಮಗೆ ಅಂದ್ರೆ?" ಎಂದರು ಯಜಮಾನರು.

ನನಗೆ ಸರಿ, ಅವಳಿಗೆ ಬೇಡ. ಕಾಲು ಅದೇ, ಸದ್ದು ಅದೇ. ಒಂದೇ ಬಗೆಯ ಸದ್ದು, ಒಂದೇ ಮನೆಯವರು, ಬಟ್ಟಲು, ಬಣ್ಣ, ಯಾವುದೂ ಬಾಯಿಗೆ ಬರಲಿಲ್ಲ. ಕುರ್ಚಿರಾಯ ಸುಮ್ಮನೆ ನಿಂತಿದ್ದ. ಅವನನ್ನು ಹಾಗೆ ನೋಡಿ ಇನ್ನಷ್ಟು ಗಾಬರಿಯಾಯಿತು.

ಮೊದಲು ಅಲುಗಿದವನು ಕೊಳಾಯಿ. ಬಾಗಿಲಿಗೆ ಹೋಗಿ ತನ್ನ ಬಿಲ್ಲೆಯನ್ನು ಕೆಂಪಿಗೆ ತಿರುಗಿಸಿದ. "ನಾನು ನೋಡೇ ಇಲ್ಲ ಸರ್. ಎರಡು ಸಲಾನೂ ನೋಡಿಲ್ಲ. ಅಕ್ಕನೇ ಕೂರ್ತಾರಲ್ಲ ಅಂತ…"

ಅವನ ಹಿಂದೆ ನಾನು ಹೋದೆ. ನನ್ನದನ್ನೂ ತಿರುಗಿಸಿದೆ.

ಮನೆಗೆ ಬಂದಾಗ ಮಗಳು ಕೋಣೆಯ ಬಾಗಿಲು ಹಾಕಿಕೊಂಡಿದ್ದಳು. ಮೇಲೆ ಹೋಗುವುದು ತಪ್ಪಿತೆಂದು ಕೋಪ ಅಂದುಕೊಂಡಿದ್ದೆ. ಊಟದ ಹೊತ್ತಿಗೆ ಬಂದು, "ನೀನು ಒಬ್ಳೇ ಹೋಗ್ಬಿಡ್ತಿದ್ಯಾ ಅದ್ರಲ್ಲಿ?" ಎಂದು ಕೇಳಿ, ತಟ್ಟೆ ಬಿಟ್ಟು ಎದ್ದಳು.

ಬೇಡ ಅನ್ನುವುದು ಹಳೆಯ ಚಟ, ಅದರಿಂದ ಬಂತು ಅಷ್ಟೆ. ಬೇರೇನಿಲ್ಲ.

ಏಪ್ರಿಲ್ ೫, ಶನಿವಾರ

ಮೂರನೇ ಕಾಲನ್ನು ಸೊಂಟದಿಂದ ಕಳಚಿದೆವು. ಬೀಗದ ಒಳಗಿನ ಗೂಟ ಬಾಗಿದೆ. ಅದು ಕೂರುವ ತೂತು ದುಂಡಗಿರಬೇಕು, ಮೊಟ್ಟೆಯಾಕಾರವಾಗಿದೆ. ಮೊದಲ ತಡದಲ್ಲೇ ಬಿಚ್ಚಿದ್ದರೆ ಎಣ್ಣೆ ಹಾಕಿ ಉಜ್ಜಿ ಮುಗಿಸಬಹುದಿತ್ತು.

ಕೊಳಾಯಿ ಗೂಟವನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ.

"ಇನ್ನೊಂದು ಸಲ ತಡೀತಿತ್ತೇನೋ ಅಕ್ಕ."

"ಏನೋ ಅಂದ್ರೆ?"

"ತಡೀತಿತ್ತು. ಇಲ್ಲಾ ತಡೀತಿರಲಿಲ್ಲ."

ಆ ಒಂದು ಸಲ ನನ್ನದು.

ಏಪ್ರಿಲ್ ೬, ಭಾನುವಾರ

ಏನೂ ಇಲ್ಲ. ತೊಟ್ಟಿಯ ನೀರು ಬದಲಾಯಿಸಿದೆ.

ಏಪ್ರಿಲ್ ೮, ಮಂಗಳವಾರ

ಯಜಮಾನರು ಕರೆಸಿದರು. ಬೈಗುಳಕ್ಕೆ ಸಿದ್ಧಳಾಗಿ ಹೋಗಿದ್ದೆ, ಬೈಯಲಿಲ್ಲ. ಮೇಜಿನ ಮೇಲೆ ಗೂಟವಿತ್ತು, ಪೇಪರ್‌ವೇಟಿನ ಹಾಗೆ.

"ಹಾಸಿಗೆ ಮಾರ್ತಿದ್ದಾಗ ಅಂಗಡೀಲಿ ನಾನೇ ಮಲಗಿ ತೋರಿಸ್ತಿದ್ದೆ," ಎಂದರು. "ಜನ ನಂಬ್ತಿದ್ರು. ಅದೇ ಲೆಕ್ಕ ಅಂದ್ಕೊಂಡೆ. ಎಲ್ಲಿ ತಪ್ಪಿತು?"

"ನಿಮಗೆ ನಿದ್ದೆ ಬಂದಿರ್ತಿರ್ಲಿಲ್ಲ ಸರ್. ನನಗೆ ಬಂದಿತ್ತು. ನಿದ್ದೆ ಬಂದವರಿಗೆ ಯಾವ ಹಾಸಿಗೆಯಾದ್ರೂ ಸರಿಯೇ."

ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಹಾಗಾದ್ರೆ ಎರಡೂ ಒಬ್ಬರ ಕೈಲಿ ಬೇಡ. ಕುರ್ಚಿ ಇಟ್ಕೊಳ್ತೀರಾ, ಬಿಲ್ಲೆಯನ್ನ ಕೊಳಾಯಿಗೆ ಕೊಡೋಣ. ಬಿಲ್ಲೆ ಇಟ್ಕೊಳ್ತೀರಾ, ಬೇರೆ ಯಾರಾದ್ರೂ ಕೂರ್ತಾರೆ. ನಿಮಗೆ ಯಾವುದು ಬೇಕೋ ಹೇಳಿ. ನಾನು ಒತ್ತಾಯ ಮಾಡಲ್ಲ."

ನಾಳೆ ಹೇಳುತ್ತೇನೆಂದೆ. ಹೊರಗೆ ಟೀ ಯಂತ್ರದ ಹತ್ತಿರ ಕೊಳಾಯಿ ಸಿಕ್ಕ. ವಿಷಯ ಅವನಿಗೆ ಆಗಲೇ ತಲುಪಿತ್ತು.

"ತಗೋತೀಯೇನೋ ಬಿಲ್ಲೆ?"

"ಬೇರೆ ಯಾರಾದ್ರೂ ಕೂತ್ರೆ ತಗೋತೀನಿ ಅಕ್ಕ. ನೀವು ಕೂತ್ರೆ ಆಗಲ್ಲ. ನೀವು ಒಳಗಿದ್ರೆ ನನಗೆ ಧೈರ್ಯ ಬಂದ್ಬಿಡುತ್ತೆ. ಧೈರ್ಯ ಬಂದ್ರೆ ನಾನು ಏಣಿ ಹತ್ತಲ್ಲ."

ತನ್ನ ಸೋಮಾರಿತನವನ್ನು ಇಷ್ಟು ಮರ್ಯಾದೆಯಿಂದ ಹೇಳಿಕೊಂಡವರನ್ನು ನಾನು ನೋಡಿಲ್ಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಮೋಡವಿರಲಿಲ್ಲ.

ಏಪ್ರಿಲ್ ೯, ಬುಧವಾರ

ಬಿಲ್ಲೆ.

ಏಪ್ರಿಲ್ ೨೦, ಭಾನುವಾರ

ಎಂಟು ಹತ್ತು ದಿನ ಬರೆದಿಲ್ಲ. ಬರೆಯುವಂಥದ್ದು ಇರಲಿಲ್ಲ.

ಕುರ್ಚಿಗೆ ಕುರ್ಚಿರಾಯನೇ ಮುಂದೆ ಬಂದ. "ನಾನು ಮಾಡಿದ ಸೀಟಲ್ಲಿ ನಾನು ಕೂರದೆ ಇನ್ನೊಬ್ಬರನ್ನ ಹೇಗೆ ಕೂರಿಸ್ಲಿ?" ಎಂದನಂತೆ. ಕುರ್ಚಿಯ ಬಿಲ್ಲೆಯನ್ನು ಅವನ ಕೈಯಿಂದ ತೆಗೆದು ಎಂಜಿನ್ನಿನವರಿಗೆ ಕೊಡಿಸಿದೆ. ಯಾರು ಕೂರುತ್ತಾರೋ ಅವರ ಬಿಲ್ಲೆ ಗೋಡೆಯ ಮೇಲೆ ಇರಬಾರದು. ಮುನಿಸಿಕೊಂಡ. ಮಧ್ಯಾಹ್ನದ ಹೊತ್ತಿಗೆ ಮುನಿಸು ಮರೆತು ಮಾತಾಡಿದ, ಸಂಜೆಯವರೆಗೂ.

ನನ್ನ ಅಚ್ಚಿನ ಕುರ್ಚಿಯನ್ನು ಏನು ಮಾಡಲಿ ಎಂದು ಕೇಳಿದ. ನನ್ನ ಮೇಜಿಗೆ ಹಾಕಿಸು ಎಂದೆ. ಬೆನ್ನುನೋವಿಗೆ ಒಳ್ಳೆಯದು.

ಬೈಕು ಬೇಡ ಎಂದೆ. ಮಗಳು ಕಾಯ್ದೆ, ಕಲಂ ಎಲ್ಲ ಉದಾಹರಿಸಿ ವಾದಿಸಿದಳು. ನಾನು ಹೆಲ್ಮೆಟ್ಟು, ಬ್ರೇಕು, ಅವಳ ಗೆಳತಿಯ ಮುರಿದ ಮಣಿಕಟ್ಟು ಒಂದೊಂದಾಗಿ ಹೇಳಿದೆ. ಅವಳ ಅಪ್ಪ ಮೀನಿಗೆ ಕಾಳು ಹಾಕುತ್ತ, "ಬಂದ್ಲಪ್ಪಾ ನಮ್ಮೋಳು," ಎಂದರು. ಎಲ್ಲಿಗೂ ಹೋಗದವಳು ಬರುವುದೆಲ್ಲಿಂದ? ಇವರ ಮಾತು ಕೆಲವೊಮ್ಮೆ ಅರ್ಥವೇ ಆಗುವುದಿಲ್ಲ.

ಮೇ ೨೭, ಮಂಗಳವಾರ

ಹೋದ ವಾರ ಹೊಸ ಬೀಗಗಳು ಬಂದವು, ನಾಲ್ಕು ಕಾಲಿಗೂ. ಮೂರಕ್ಕೆ ಬೇಕಿರಲಿಲ್ಲವೆಂದು ಯಜಮಾನರು ಗೊಣಗಿದರು. ಬೇಕು ಎಂದೆ. ಈಚೆಗೆ ಬೇಕು ಅನ್ನುವುದಕ್ಕೂ ಬೈಸಿಕೊಳ್ಳುತ್ತಿದ್ದೇನೆ.

ಇವತ್ತು ಮರಳಿನ ಚೀಲಗಳ ಹಾರಾಟ. ಗೋಡೆಯ ಹಿಂದೆ ಎಲ್ಲರೂ ಕಿವಿಗೊಟ್ಟಿದ್ದೆವು. ಟಕ್. ಕಾದೆವು. ಮತ್ತೇನೂ ಕೇಳಿಸಲಿಲ್ಲ. ಕೊಳಾಯಿ ನನಗಿಂತ ಮೊದಲೇ ಏಣಿ ಎತ್ತಿಕೊಂಡು ಓಡಿದ.

ಆದರೂ ನಾಳೆ ಬಿಲ್ಲೆ ತಿರುಗಿಸಲಾರೆ. ಎರಡನೇ ಕಾಲಿನ ಹತ್ತಿರ ಮಸಿ ಹೋದ ಸಲಕ್ಕಿಂತ ದಪ್ಪಗಿದೆ. ಗಾಳಿಯ ದಿಕ್ಕಿನಿಂದ ಇರಬಹುದು. ಇರಬಹುದು ಎನ್ನುವ ಪದ ನೋಡಿದರೇ ಈಗ ಮೈ ಉರಿಯುತ್ತದೆ.

ಜೂನ್ ೧೦, ಮಂಗಳವಾರ

ಕುರ್ಚಿರಾಯನ ಹೆಂಡತಿ ಶೆಡ್ಡಿಗೆ ಬಂದಿದ್ದಳು. ಶಾಲೆಯಲ್ಲಿ ಸಂಗೀತ ಹೇಳಿಕೊಡುತ್ತಾಳೆ, ಮೆಲುದನಿ. ಅವನು ಕಿಟಕಿ, ಬೆಲ್ಟು, ಗುಂಡಿ ಎಲ್ಲ ತೋರಿಸುತ್ತ ಒಂದೇ ಸಮನೆ ವಟಗುಟ್ಟುತ್ತಿದ್ದ. ಅವಳು ನನ್ನ ಪಕ್ಕ ಬಂದು ನಿಂತಳು.

"ಅಕ್ಕಾ, ಇವರು ಅಲ್ಲಾದ್ರೂ ಬಾಯಿ ಮುಚ್ಕೊಂಡು ಕೂರ್ತಾರಾ?"

"ಅದಕ್ಕೆ ಮಾತ್ರ ನಾನು ಬಿಲ್ಲೆ ತಿರುಗಿಸಲಾ­ರೆ ಕಣಮ್ಮ."

ನಕ್ಕಳು. ನಗು ಮುಗಿದ ಮೇಲೂ ಹೋಗಲಿಲ್ಲ. "ನೀವು ಹೇಳಿದ್ರೆ ಕಳಿಸ್ತೀನಿ," ಎಂದಳು. ಇಷ್ಟೇ. ಅವನು ಕರೆದ, ಹೋದಳು.

ಆಮೇಲೆ ನಾಲ್ಕು ಕಾಲನ್ನೂ ಇನ್ನೊಮ್ಮೆ ನೋಡಿದೆ. ಕೊಳಾಯಿಗೂ ನೋಡು ಎಂದೆ. ನೋಡಿದ. ಅವನು ನೋಡಿದ್ದನ್ನು ಮತ್ತೆ ನೋಡಿದೆ. "ಅಕ್ಕಾ, ಹೀಗೇ ನೋಡ್ತಿದ್ರೆ ಅಳಿಯನಿಗೆ ನಾಚಿಕೆಯಾಗುತ್ತೆ," ಎಂದ. ಕೈ ತಣ್ಣಗಾಗಿತ್ತು. ನಾನೇ ಕೂರುವುದಿದ್ದಾಗ ಹೀಗೆಲ್ಲ ಆಗಿರಲಿಲ್ಲ. ವಯಸ್ಸಿರಬೇಕು. ಅಲ್ಲ, 'ಇರಬೇಕು' ಬೇಡ. ಭಯ.

ಜೂನ್ ೧೨, ಗುರುವಾರ

ಬೆಳಿಗ್ಗೆ ಬಿಲ್ಲೆಗಳೆಲ್ಲ ಹಸಿರು, ನನ್ನದೊಂದು ಬಿಟ್ಟು. ಯಜಮಾನರು, ಕ್ಯಾಮೆರಾದವರು, ಎಂಜಿನ್ನಿನವರು ಎಲ್ಲರೂ ಬಿಲ್ಲೆಗಳ ಮುಂದೆ ನಿಂತಿದ್ದರು. ಯಾರೂ ಅವಸರ ಮಾಡಲಿಲ್ಲ. ಮಾಡಿದ್ದರೆ ಸುಲಭವಾಗುತ್ತಿತ್ತು, ಬೇಡ ಎಂದುಬಿಡುತ್ತಿದ್ದೆ. ಬೇಡ ಅನ್ನಲು ಒಂದಾದರೂ ಕಾರಣವಿದೆಯೇ ಎಂದು ಮನಸ್ಸಿನಲ್ಲೇ ಬುಡದಿಂದ ತುದಿಯವರೆಗೆ ಹತ್ತಿ ಇಳಿದೆ. ಇರಲಿಲ್ಲ. "ಸರಿ," ಎಂದೆ. ತಿರುಗಿಸಿದೆ.

ಏರಿದ. ಅಳಿಯ ಅಲ್ಲ, ನಾನು ಹೇಳುತ್ತಿರುವುದು ಕುರ್ಚಿರಾಯನ ವಿಷಯ. ರೇಡಿಯೊದಲ್ಲಿ ಅವನ ಮಾತು ಒಂದೇ ಸಮನೆ ಬರುತ್ತಿತ್ತು, ಒಮ್ಮೆಗೇ ನಿಂತಿತು. ಯಜಮಾನರು ಬೆಚ್ಚಿ ನನ್ನ ಕಡೆ ನೋಡಿದರು. ಅವನ ಹೆಂಡತಿ ನನ್ನ ತೋಳು ಹಿಡಿದಳು. ಆಮೇಲೆ ಬಹಳ ಮೆಲ್ಲಗೆ "ಅಯ್ಯೋ" ಎಂದು ಕೇಳಿಸಿತು. ಹೆದರಿಕೆಯ ಅಯ್ಯೋ ಅಲ್ಲ ಅದು. ಗೋಡೆಯ ಹಿಂದಿದ್ದವರೆಲ್ಲ ತಲೆಯೆತ್ತಿ ನೀಲಿಯನ್ನು ನೋಡುತ್ತಿದ್ದರು. ನಾನು ಕಾಂಕ್ರೀಟಿನ ನೆಲವನ್ನು ನೋಡುತ್ತಿದ್ದೆ, ಅವನು ಇಳಿಯಬೇಕಾದ ಜಾಗವನ್ನು.

ಚುಕ್ಕಿ. ಬೆಂಕಿ. ಧೂಳು.

ಟಕ್.

ಅವನ ಹೆಂಡತಿಗೆ ಅದರ ಅರ್ಥ ಗೊತ್ತಿರಲಿಲ್ಲ, ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದಳು. ತಲೆಯಾಡಿಸಿದೆ. ತೋಳು ಬಿಟ್ಟಳು. ಉಗುರಿನ ಗುರುತು ಈಗಲೂ ಇದೆ.

ಕುರ್ಚಿರಾಯ ಏಣಿಯಿಳಿದು ಬಂದಾಗ ಜನ ಮುತ್ತಿಕೊಂಡರು. ನಾನು ಆಗಲೇ ಮೂರನೇ ಕಾಲಿನ ಬುಡದಲ್ಲಿ ಅಂಗಾತ ಮಲಗಿದ್ದೆ, ಕೊಳಾಯಿ ಇನ್ನೊಂದು ಕಡೆಯಿಂದ ದೀಪ ಹಿಡಿದಿದ್ದ. ಲೋಹ ಇನ್ನೂ ಕಾದು ಚಿಟಪಟ ಅನ್ನುತ್ತಿತ್ತು. ಗೂಟ ನೆಟ್ಟಗಿದೆ, ತೂತು ದುಂಡಗಿದೆ. ಕುರ್ಚಿರಾಯನ ಬೂಟುಗಳು ಬಂದು ನನ್ನ ತಲೆಯ ಹತ್ತಿರ ನಿಂತವು.

"ಅಕ್ಕಾ… ಅಕ್ಕಾ, ಮೇಲೆ…" ಎಂದ.

"ಇರೋ, ಬಂದೆ. ಆ ಕಡೆ ಸರ್ಕೋ, ಬೆಳಕಿಗೆ ಅಡ್ಡ ಬರ್ತಿದ್ದೀಯ."

ಸರಿದ. ನಾನು ಎದ್ದು ಕೈ ಒರೆಸಿಕೊಳ್ಳುವಷ್ಟರಲ್ಲಿ ಕ್ಯಾಮೆರಾದವರು ಅವನನ್ನು ಎಳೆದುಕೊಂಡು ಹೋಗಿದ್ದರು.

ಬರುವ ವಾರವೇ ಆರು ಪ್ರವಾಸಿಗರನ್ನು ಕೂರಿಸೋಣ ಎಂದರು ಯಜಮಾನರು. ನಾಲ್ಕನೇ ಕಾಲಿನ ಪಾದದಲ್ಲಿ ಕೂದಲೆಳೆಯಂಥ ಬಿರುಕೊಂದು ಕಂಡಿದೆ, ಬಿಚ್ಚಿ ನೋಡಿ ಹೇಳುತ್ತೇನೆ ಎಂದೆ. ಮುಖ ಗಂಟಿಕ್ಕಿದರು. ಗಂಟನ್ನು ಅವರೇ ಬಿಚ್ಚಿಕೊಳ್ಳಲಿ.

ಮನೆಗೆ ಬಂದ ಕೂಡಲೇ ಮಗಳು ಓಡಿಬಂದು, "ಮೇಲೆ ಹೇಗಿತ್ತಂತೆ?" ಎಂದಳು.

ಅವನನ್ನು ಕೇಳುವುದೇ ಮರೆತುಹೋಗಿದೆ.